ನೈಟ್ ಶಿಫ್ಟ್‌ನವರ ವ್ಯಾಯಾಮ: ಗೋಡೆ ಗಡಿಯಾರ ಬಿಡಿ, ಎದ್ದ ಹೊತ್ತಿನಿಂದ ಎಣಿಸಿ

ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಿ ಅಂತ ಹೇಳುವವರಿಗೆ ಬರವಿಲ್ಲ. ಆ ಐದು ಗಂಟೆಗೆ ನೈಟ್ ಶಿಫ್ಟ್‌ನವರು ಏಳುವ ಮಾತೆಲ್ಲಿಂದ ಬಂತು? ಅವರಿನ್ನೂ ಮಲಗಿಯೇ ಇಲ್ಲ. ಕಣ್ಣು ಎಳೆಯುತ್ತಿರುತ್ತದೆ, ಮೈ ತಣ್ಣಗಾಗಿರುತ್ತದೆ, ಉಳಿದ ಒಂದು ಗಂಟೆ ಹೇಗೆ ಕಳೆಯುವುದು ಅನ್ನೋದೇ ಚಿಂತೆ. ವ್ಯಾಯಾಮದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ರಾತ್ರಿ ಮಲಗಿ ಬೆಳಿಗ್ಗೆ ಏಳುವವರಿಗೆ ಹೇಳಿದ್ದು. ಅದನ್ನು ಹಾಗೇ ಎತ್ತಿ ನೈಟ್ ಶಿಫ್ಟ್‌ಗೆ ಹೊಂದಿಸಲು ಹೋದರೆ ಕೂರುವುದಿಲ್ಲ.

ನಾನೂ ಕೆಲವು ವರ್ಷ ರಾತ್ರಿ ಡ್ಯೂಟಿ ಮಾಡಿದವನು. ಮೊದಲ ವರ್ಷ ಹುಮ್ಮಸ್ಸಿನಲ್ಲಿ ಜಿಮ್ ಸೇರಿದೆ. ಡ್ಯೂಟಿ ಮುಗಿಸಿ ನೇರ ಅಲ್ಲಿಗೇ. ಮನೆ ಸೇರಿ ಸ್ನಾನ, ತಿಂಡಿ ಮುಗಿಸುವಷ್ಟರಲ್ಲಿ ಒಂಬತ್ತೂವರೆ. ನಿದ್ದೆ ಹತ್ತುವಾಗ ಹತ್ತೂವರೆ. ಮಧ್ಯಾಹ್ನ ಒಂದಕ್ಕೆ ಕಣ್ಣು ತಾನಾಗಿಯೇ ಬಿಡುತ್ತಿತ್ತು, ಮತ್ತೆ ಎಷ್ಟು ಹೊರಳಾಡಿದರೂ ಮುಚ್ಚುತ್ತಿರಲಿಲ್ಲ. ಮೂರನೇ ವಾರಕ್ಕೆ ಜಿಮ್ ನಿಂತಿತು. ನನಗೆ ಮನಸ್ಸು ಗಟ್ಟಿ ಇಲ್ಲ ಅಂತ ಆಗ ನನ್ನನ್ನೇ ಬೈದುಕೊಂಡಿದ್ದೆ. ಕಾರಣ ಅದಾಗಿರಲಿಲ್ಲ.

ಮೈಯೊಳಗಿನ ಗಡಿಯಾರಕ್ಕೆ ಡ್ಯೂಟಿ ಚಾರ್ಟ್ ಗೊತ್ತಿಲ್ಲ

ಮೆದುಳಿನ ತಳದಲ್ಲಿ, ಹೈಪೋಥಲಾಮಸ್ ಅನ್ನುವ ಜಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ನಿದ್ದೆ, ಮೈ ಬಿಸಿ, ಹಸಿವು, ಹಾರ್ಮೋನು ಎಲ್ಲಕ್ಕೂ ಹೊತ್ತು ಹೇಳುವುದು ಇದೇ. ಹೆಚ್ಚಿನವರಲ್ಲಿ ಇದರ ಒಂದು ಸುತ್ತು 24 ಗಂಟೆಗಿಂತ ಸ್ವಲ್ಪ ಜಾಸ್ತಿ. ಕಣ್ಣಿಗೆ ಬೀಳುವ ಬೆಳಕು ದಿನಾ ಅದನ್ನು ತಿದ್ದಿ ಸರಿಹೊತ್ತಿಗೆ ತರುತ್ತದೆ. ಈ ಗಡಿಯಾರ ಕೋಶದೊಳಗೆ ಹೇಗೆ ತಿರುಗುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ನೀವು ರಾತ್ರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಈ ಗಡಿಯಾರ ತಿರುಗಿಕೊಳ್ಳುವುದಿಲ್ಲ. ಮನೆಗೆ ಬರುವಾಗ ಕಣ್ಣಿಗೆ ಬಿಸಿಲು ಬೀಳುತ್ತದೆ. ರಜೆ ದಿನ ಮನೆಯವರ ಜೊತೆ ರಾತ್ರಿಯೇ ಮಲಗುತ್ತೀರಿ. ವರ್ಷಗಟ್ಟಲೆ ನೈಟ್ ಮಾಡಿದವರಲ್ಲೂ ಅದು ಪೂರ್ತಿ ತಿರುಗುವುದು ಅಪರೂಪ. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ಮೈ ಬಿಸಿ ಇಳಿದು ಇಳಿದು ತಳ ಮುಟ್ಟುತ್ತದೆ, ತಪ್ಪುಗಳು ಜಾಸ್ತಿಯಾಗುತ್ತವೆ. ಅದು ನಿಮ್ಮ ಸೋಮಾರಿತನ ಅಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ಎಚ್ಚರ ಇದ್ದಷ್ಟು ಹೊತ್ತೂ ನಿದ್ದೆಯ ಸಾಲ ಏರುತ್ತಾ ಹೋಗುತ್ತದೆ. ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರಿಕೊಳ್ಳುವುದು ಇದಕ್ಕೆ ಒಂದು ಕಾರಣ. ಮಲಗಿದರೆ ಸಾಲ ತೀರುತ್ತದೆ. ಕಾಫಿ ಸಾಲ ತೀರಿಸುವುದಿಲ್ಲ, ಸಾಲದವನು ಬಾಗಿಲು ತಟ್ಟುವ ಸದ್ದು ಕೇಳದ ಹಾಗೆ ಮಾಡುತ್ತದೆ, ಅಷ್ಟೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು. ಗಡಿಯಾರ ಒಂದು, ಸಾಲ ಇನ್ನೊಂದು, ಎರಡೂ ಸೇರಿ ನಿದ್ದೆಯನ್ನು ನಡೆಸುತ್ತವೆ ಅನ್ನುವ ಈ ಮಾದರಿಯನ್ನು ನಿದ್ದೆ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟರು. ನೈಟ್ ಶಿಫ್ಟ್‌ನವರ ಪಾಡು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಬೆಳಿಗ್ಗೆ ಎಂಟಕ್ಕೆ ಮಲಗಿದವರ ಕಥೆ ನೋಡಿ. ರಾತ್ರಿಯಿಡೀ ಎಚ್ಚರವಿದ್ದುದರಿಂದ ಸಾಲ ಬೆಟ್ಟದಷ್ಟಿದೆ, ತಲೆ ಇಟ್ಟ ಕೂಡಲೇ ನಿದ್ದೆ. ಮಧ್ಯಾಹ್ನದ ಹೊತ್ತಿಗೆ ಸಾಲ ಮುಕ್ಕಾಲು ತೀರಿದೆ. ಅತ್ತ ಒಳಗಿನ ಗಡಿಯಾರ ‘ಹಗಲಾಯಿತು, ಏಳು’ ಅಂತ ಕೂಗುತ್ತಿದೆ. ಸಾಲ ಹಿಡಿದಿಟ್ಟುಕೊಳ್ಳುವಷ್ಟು ಉಳಿದಿಲ್ಲ, ಗಡಿಯಾರ ಗೆಲ್ಲುತ್ತದೆ. ಅದಕ್ಕೇ ಹಗಲು ನಿದ್ದೆ ರಾತ್ರಿ ನಿದ್ದೆಗಿಂತ ಒಂದರಿಂದ ನಾಲ್ಕು ಗಂಟೆ ಕಡಿಮೆ ಬರುವುದು.

ಇಲ್ಲೇ ನನ್ನ ಜಿಮ್ ಎಡವಿದ್ದು. ಎರಡು ಗಂಟೆ ತಡವಾಗಿ ಮಲಗಿದರೆ ಎರಡು ಗಂಟೆ ತಡವಾಗಿ ಎಚ್ಚರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಏಳುವ ಹೊತ್ತು ಗಡಿಯಾರದ ಕೈಯಲ್ಲಿತ್ತು, ಅದು ಕದಲಲಿಲ್ಲ. ವ್ಯಾಯಾಮಕ್ಕೆ ಕೊಟ್ಟ ಹೊತ್ತೆಲ್ಲ ನಿದ್ದೆಯಿಂದ ಕಿತ್ತುಕೊಂಡದ್ದೇ ಆಯಿತು.

ಯಾವ ಹೊತ್ತು?

ಹಾಗಾಗಿ ನನ್ನ ಮೊದಲ ಮಾತು: ಬೆಳಿಗ್ಗೆ, ಸಂಜೆ ಅನ್ನುವ ಲೆಕ್ಕ ಬಿಡಿ. ನೀವು ಯಾವಾಗ ಎದ್ದಿರಿ, ಅಲ್ಲಿಂದ ಎಷ್ಟು ಗಂಟೆ ಆಯಿತು ಅಂತ ಎಣಿಸಿ. ಹಗಲು ಕೆಲಸದವರು ಬೆಳಿಗ್ಗೆ ಆರಕ್ಕೆ ಎದ್ದು ಏಳಕ್ಕೆ ವ್ಯಾಯಾಮ ಮಾಡುತ್ತಾರಲ್ವಾ? ಎರಡಕ್ಕೆ ಎದ್ದವರಿಗೆ ಆ ಏಳು ಗಂಟೆ ಅಂದರೆ ಮಧ್ಯಾಹ್ನದ ಮೂರು.

ಡ್ಯೂಟಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಂತಿಟ್ಟುಕೊಳ್ಳಿ. ಏಳಕ್ಕೆ ಮನೆ, ಎಂಟರೊಳಗೆ ಹಾಸಿಗೆ, ಎರಡಕ್ಕೆ ಎಚ್ಚರ. ಎದ್ದ ಮೊದಲ ಅರ್ಧ ಗಂಟೆ ಮಂಪರು ಇರುವುದು ಸಹಜ, ಅದನ್ನು ಕಾಫಿಗೋ ಕಿಟಕಿ ಪಕ್ಕ ಕೂರುವುದಕ್ಕೋ ಬಿಡಿ. ಮೂರರ ಹೊತ್ತಿಗೆ ಇಪ್ಪತ್ತೈದು ಮೂವತ್ತು ನಿಮಿಷ ವ್ಯಾಯಾಮ. ಮಕ್ಕಳು ಶಾಲೆಯಿಂದ ಬರುವುದಕ್ಕೆ ಮೊದಲೇ ಮುಗಿದಿರುತ್ತದೆ. ಇನ್ನೊಂದು ಲಾಭ, ಗಡಿಯಾರ ಪೂರ್ತಿ ತಿರುಗದವರಲ್ಲಿ ಮೈ ಬಿಸಿ ಮತ್ತು ಸ್ನಾಯುಗಳ ಶಕ್ತಿ ಇಳಿಹೊತ್ತಿಗೆ ಚೆನ್ನಾಗಿ ಏರಿರುತ್ತವೆ. ಮೈ ಸುಲಭವಾಗಿ ಬಗ್ಗುತ್ತದೆ.

ಒಂದು ಎಚ್ಚರಿಕೆ. ಎದ್ದ ಕೂಡಲೇ ಬಗ್ಗಿ ಭಾರ ಎತ್ತಬೇಡಿ. ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದಾಗ ನಮ್ಮ ಎತ್ತರ ಒಂದು ಸೆಂಟಿಮೀಟರ್‌ನಷ್ಟು ಜಾಸ್ತಿ ಇರುವುದು ಇದರಿಂದಲೇ. ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಹಗಲು ನಿದ್ದೆಗೂ ಇದೇ ನಿಯಮ, ಡಿಸ್ಕ್‌ಗೆ ಹಗಲು ರಾತ್ರಿ ತಿಳಿಯುವುದಿಲ್ಲ.

ಡ್ಯೂಟಿಗೆ ಹೊರಡುವ ಮೊದಲು, ಏಳು ಎಂಟರ ಹೊತ್ತಿಗೆ ಮಾಡುವುದೂ ಒಳ್ಳೆಯದೇ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸುಮಾರು ನೂರು ಜನರನ್ನು ಪ್ರಯೋಗಾಲಯದಲ್ಲಿಟ್ಟು, ಬೇರೆ ಬೇರೆ ಹೊತ್ತಿನಲ್ಲಿ ಒಂದೊಂದು ಗಂಟೆ ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ ನೋಡಿದ್ದರು. ಬೆಳಿಗ್ಗೆ ಏಳಕ್ಕೆ ಅಥವಾ ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಮಾಡಿದವರ ಒಳಗಡಿಯಾರ ಮುಂಚಿತವಾಯಿತು. ಸಂಜೆ ಏಳರಿಂದ ಹತ್ತರೊಳಗೆ ಮಾಡಿದವರದು ತಡವಾಯಿತು, ಅಂದರೆ ಮಲಗು, ಏಳು ಅಂತ ಅದು ಹೇಳುವ ಹೊತ್ತು ತಡವಾಯಿತು. ನೈಟ್ ಶಿಫ್ಟ್‌ನವರಿಗೆ ಬೇಕಿರುವುದು ತಡವಾಗುವುದೇ. ಆ ಲೆಕ್ಕಕ್ಕೆ ಸಂಜೆ ಏಳು ವಾಸಿ. ಹಾಗಂತ ಇದಕ್ಕಾಗಿ ಮನೆಯ ವೇಳಾಪಟ್ಟಿಯನ್ನೇ ಬುಡಮೇಲು ಮಾಡಬೇಡಿ. ಗಡಿಯಾರ ತಿರುಗಿಸುವುದರಲ್ಲಿ ಬೆಳಕಿನ ಮುಂದೆ ವ್ಯಾಯಾಮ ಚಿಕ್ಕ ಆಳು. ಡ್ಯೂಟಿಯ ಮೊದಲರ್ಧದಲ್ಲಿ ಜೋರು ಬೆಳಕಿನಲ್ಲಿ ಕೆಲಸ ಮಾಡುವುದು, ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕುವುದು, ಮಲಗುವ ಕೋಣೆಗೆ ದಪ್ಪ ಪರದೆ ಕಟ್ಟುವುದು ಇದಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ. ಗಾಡಿಯನ್ನು ನೀವೇ ಓಡಿಸಿಕೊಂಡು ಬರುವಾಗ ನಿದ್ದೆ ಎಳೆಯುತ್ತಿದ್ದರೆ ಮಾತ್ರ ಕಪ್ಪು ಕನ್ನಡಕ ಬೇಡ.

ಗಾಡಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಒಂದೇ ಸಮ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹಿಡಿತ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಅಳೆದು ತೋರಿಸಿದ್ದಾರೆ. ಮಧ್ಯಾಹ್ನ ಎರಡಕ್ಕೆ ಎದ್ದವರು ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಲ್ಲಿಗೆ ಬಂದಿರುತ್ತಾರೆ. ಆ ಸ್ಥಿತಿಯಲ್ಲಿ ಬಾರ್‌ಬೆಲ್ ಹೊತ್ತು ಬಸ್ಕಿ ಹೊಡೆಯುವುದು ನನಗೆ ಜಾಣತನ ಅನ್ನಿಸುವುದಿಲ್ಲ. ಡ್ಯೂಟಿ ಮುಗಿಸಿ ವ್ಯಾಯಾಮ ಮಾಡಿ ಚೆನ್ನಾಗಿ ನಿದ್ದೆ ಮಾಡುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅಂಥವರಾದರೆ ಮುಂದುವರಿಸಿ. ಆದರೆ ಮೈ ಬಿಸಿ ಇಳಿಯದೆ ನಿದ್ದೆ ಸರಿಯಾಗಿ ಹಿಡಿಯುವುದಿಲ್ಲ, ಜೋರು ವ್ಯಾಯಾಮದ ಬಿಸಿ ಇಳಿಯಲು ಒಂದು ಗಂಟೆಗೂ ಮೇಲೆ ಬೇಕು. ಬೆಳಿಗ್ಗೆ ಬಂದಮೇಲೆ ಕೈಕಾಲು ಎಳೆದು ಸಡಿಲಿಸುವುದು, ಐದು ನಿಮಿಷ ಉಸಿರಾಟ, ಅಷ್ಟು ಸಾಕು.

ಡ್ಯೂಟಿಯ ನಡುವೆಯೂ ಒಂದು ಒಳ್ಳೆಯ ಹೊತ್ತಿದೆ, ಜನ ಅದನ್ನು ಗಮನಿಸುವುದೇ ಇಲ್ಲ. ಊಟದ ಬ್ರೇಕ್. ಒಂದೇ ಊಟವನ್ನು ಹಗಲು ಮಾಡಿದರೆ ಏರುವುದಕ್ಕಿಂತ ರಾತ್ರಿ ಮಾಡಿದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ, ಇಳಿಯುವುದೂ ನಿಧಾನ. ಆ ಹೊತ್ತಿಗೆ ಇನ್ಸುಲಿನ್ ಸರಿಯಾಗಿ ಸ್ಪಂದಿಸುವುದಿಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ಆ ಸಕ್ಕರೆಯನ್ನು ಇನ್ಸುಲಿನ್‌ಗೆ ಕಾಯದೆ ಎಳೆದುಕೊಳ್ಳುತ್ತವೆ. ಕಾರಿಡಾರ್ ಆದರೂ ಸರಿ, ಮೆಟ್ಟಿಲಾದರೂ ಸರಿ. ತೂಕಡಿಕೆಯೂ ಸ್ವಲ್ಪ ಹಿಂದೆ ಸರಿಯುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಸಕ್ಕರೆ ತೀರಾ ಇಳಿಯುವ ಭಯ ಇರುತ್ತದೆ.

ಎಷ್ಟು ಮಾಡಿದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರು ವ್ಯಾಯಾಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಮಧ್ಯಮ ಅಂದರೆ ನಡೆಯುತ್ತಾ ಮಾತಾಡಬಹುದು, ಹಾಡಲು ಆಗಬಾರದು. ಆ ಪಟ್ಟಿಯಲ್ಲಿ ನನಗೆ ಇಷ್ಟವಾದ ಬದಲಾವಣೆ ಒಂದಿದೆ. ಮೊದಲು ಒಂದೇ ಸಲ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಅನ್ನುತ್ತಿದ್ದರು. 2020ರಲ್ಲಿ ಅದನ್ನು ತೆಗೆದುಹಾಕಿದರು. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬಂತು. ತುಂಡು ತುಂಡು ಸಮಯದಲ್ಲಿ ಬದುಕುವ ನಮ್ಮಂಥವರಿಗೆ ಇದು ದೊಡ್ಡ ಸಮಾಧಾನ.

ರಾತ್ರಿಯಿಡೀ ನಡೆದೇ ಕೆಲಸ ಮಾಡ್ತೀನಿ, ನನಗೆ ಬೇರೆ ವ್ಯಾಯಾಮ ಯಾಕೆ ಅಂತ ಕೇಳುವವರಿದ್ದಾರೆ. ವಾರ್ಡ್‌ನಲ್ಲಿ ಓಡಾಡುವವರು, ಗೋದಾಮಿನಲ್ಲಿ ಸಾಮಾನು ಎತ್ತುವವರು. ನ್ಯಾಯವಾದ ಪ್ರಶ್ನೆ. ಆದರೆ ಕೆಲಸದ ನಡಿಗೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತೀರಿ, ಎದೆ ಬಡಿತ ಏರಿ ಅಲ್ಲೇ ನಿಲ್ಲುವುದಿಲ್ಲ. ಎತ್ತುವುದೂ ಯಾವಾಗಲೂ ಒಂದೇ ಬದಿಗೆ, ಒಂದೇ ರೀತಿ. ಸುಸ್ತು ಮಾತ್ರ ಪೂರ್ತಿ ಸಿಗುತ್ತದೆ. ಅಂಥವರಿಗೆ ಇನ್ನಷ್ಟು ನಡಿಗೆಗಿಂತ ಬೆನ್ನು, ಸೊಂಟ, ಭುಜ ಗಟ್ಟಿ ಮಾಡುವ ಹದಿನೈದು ನಿಮಿಷ ಹೆಚ್ಚು ಉಪಯೋಗ.

ಸ್ನಾಯುಗಳ ಕೆಲಸಕ್ಕೆ ಜಿಮ್ಮೇ ಬೇಕೆಂದಿಲ್ಲ. ಬಸ್ಕಿ, ಗೋಡೆಗೋ ಮಂಚಕ್ಕೋ ಕೈ ಕೊಟ್ಟು ಪುಷ್ ಅಪ್, ಒಂದು ಚೀಲಕ್ಕೆ ಪುಸ್ತಕ ತುಂಬಿ ಎದೆ ಕಡೆಗೆ ಎಳೆಯುವುದು, ಕೊನೆಗೊಂದು ಪ್ಲ್ಯಾಂಕ್. ಇನ್ನೆರಡು ಸಲ ಮಾಡಲಷ್ಟೇ ಆಗುತ್ತದೆ ಅನ್ನಿಸುವಾಗ ನಿಲ್ಲಿಸಿ. ಬಂದ ಶಕ್ತಿಯನ್ನು ಉಳಿಸಿಕೊಳ್ಳುವುದು, ಹೊಸದಾಗಿ ಗಳಿಸುವುದಕ್ಕಿಂತ ಬಹಳ ಅಗ್ಗ. ವಾರಕ್ಕೆ ಒಂದೇ ಸಲ, ಆದರೆ ಅದೇ ಭಾರ ಇಟ್ಟು ಮಾಡಿದರೂ ತಿಂಗಳುಗಟ್ಟಲೆ ಹೆಚ್ಚಿನ ಶಕ್ತಿ ಉಳಿಯುತ್ತದೆ. ಸತತ ನೈಟ್ ಇರುವ ವಾರ ಉಳಿಸಿಕೊಳ್ಳಿ, ಹಗಲು ಡ್ಯೂಟಿಯೋ ರಜೆಯೋ ಇರುವ ವಾರ ಗಳಿಸಿ.

ನಾಲ್ಕೂವರೆ ಗಂಟೆಗಿಂತ ಕಡಿಮೆ ನಿದ್ದೆಯಾದ ದಿನ ನಾನು ಜೋರು ವ್ಯಾಯಾಮ ಮಾಡುತ್ತಿರಲಿಲ್ಲ. ಇದು ಯಾವ ಶಾಸ್ತ್ರದಲ್ಲೂ ಬರೆದ ಸಂಖ್ಯೆಯಲ್ಲ, ನನ್ನ ಮೈ ಕಲಿಸಿದ್ದು. ಅಂಥ ದಿನ ವ್ಯಾಯಾಮದ ಅರ್ಧ ಗಂಟೆಯನ್ನೂ ನಿದ್ದೆಗೇ ಕೊಡುತ್ತಿದ್ದೆ, ಹತ್ತು ನಿಮಿಷ ಹೊರಗೆ ನಡೆದು ಬರುತ್ತಿದ್ದೆ. ಡ್ಯೂಟಿಗೆ ಮೊದಲು ಒಂದೂವರೆ ಗಂಟೆ ಮಲಗಿದರೆ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಮುಗಿಯುತ್ತದೆ. ಅಷ್ಟು ಹೊತ್ತಿಲ್ಲದಿದ್ದರೆ ಇಪ್ಪತ್ತು ನಿಮಿಷ. ಗೊರಕೆ ಜೋರಾಗಿದ್ದು, ಏಳು ಗಂಟೆ ಮಲಗಿ ಎದ್ದರೂ ತೂಕಡಿಕೆ ಹೋಗದಿದ್ದರೆ ಅದು ಶಿಫ್ಟ್‌ನ ತಪ್ಪೇ ಆಗಿರಬೇಕೆಂದಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು, ತೋರಿಸಿಕೊಳ್ಳಿ. ವ್ಯಾಯಾಮದಲ್ಲಿ ಎದೆ ಹಿಡಿದಂತಾದರೆ ಆ ದಿನವೇ ತೋರಿಸಿಕೊಳ್ಳಿ.

ಶಿಫ್ಟ್ ಬದಲಾಗುತ್ತಲೇ ಇದ್ದರೆ

ವಾರಕ್ಕೊಂದು ಪಾಳಿ ಇರುವವರ ಕಷ್ಟ ಬೇರೆ. ಅವರಿಗೆ ನಿದ್ದೆ ತಜ್ಞರು ಹೇಳುವ ಒಂದು ಉಪಾಯ ಲಂಗರು ನಿದ್ದೆ. ಯಾವ ಶಿಫ್ಟ್ ಇರಲಿ, ರಜೆಯೇ ಇರಲಿ, 24 ಗಂಟೆಯಲ್ಲಿ ಒಂದೇ ನಾಲ್ಕು ಗಂಟೆ ಯಾವಾಗಲೂ ಮಲಗಿರುವ ಹಾಗೆ ನೋಡಿಕೊಳ್ಳುವುದು. ಉದಾಹರಣೆಗೆ, ನೈಟ್ ಇದ್ದಾಗ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡು, ರಜೆ ದಿನ ಬೆಳಗಿನ ಜಾವ ನಾಲ್ಕರಿಂದ ಹನ್ನೆರಡು. ಎಂಟರಿಂದ ಹನ್ನೆರಡು ಎರಡರಲ್ಲೂ ಇದೆ. ದೋಣಿ ಅತ್ತಿತ್ತ ಆಡಿದರೂ ದೂರ ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ರಜೆ ದಿನ ಹನ್ನೆರಡರವರೆಗೆ ಮಲಗುವುದು ಎಷ್ಟು ನಡೆಯುತ್ತದೋ ದೇವರಿಗೇ ಗೊತ್ತು. ಎರಡು ಗಂಟೆ ಹೊಂದಿಸಿಕೊಂಡರೂ ಏನೂ ಇಲ್ಲದಿರುವುದಕ್ಕಿಂತ ವಾಸಿ. ವ್ಯಾಯಾಮವನ್ನು ಈ ಲಂಗರಿಗೆ ಕಟ್ಟಿ. ‘ಎದ್ದು ಒಂದು ಗಂಟೆಗೆ’ ಅನ್ನುವ ನಿಯಮ ಎಲ್ಲ ಶಿಫ್ಟ್‌ನಲ್ಲೂ ನಡೆಯುತ್ತದೆ. ‘ಸಂಜೆ ಐದಕ್ಕೆ’ ಅನ್ನುವ ನಿಯಮ ಎರಡನೇ ವಾರಕ್ಕೇ ಮುರಿಯುತ್ತದೆ.

ಎಲ್ಲರೂ ಒಂದೇ ರೀತಿ ಹೊಂದಿಕೊಳ್ಳುವುದಿಲ್ಲ ಅನ್ನೋದಕ್ಕೆ ಒಂದು ಹಳೆಯ ಕಥೆ ಇದೆ. 1938ರಲ್ಲಿ ನಿದ್ದೆ ವಿಜ್ಞಾನಿ ನಥಾನಿಯೆಲ್ ಕ್ಲೈಟ್‌ಮನ್ ತಮ್ಮ ವಿದ್ಯಾರ್ಥಿ ಬ್ರೂಸ್ ರಿಚರ್ಡ್‌ಸನ್ ಜೊತೆ ಅಮೆರಿಕದ ಮ್ಯಾಮತ್ ಗುಹೆಯೊಳಗೆ ಒಂದು ತಿಂಗಳಿಗೂ ಹೆಚ್ಚು ಇದ್ದರು. ಬಿಸಿಲು ಇಲ್ಲ, ದಿನಕ್ಕೆ 28 ಗಂಟೆ ಅಂತ ಇಬ್ಬರೂ ಲೆಕ್ಕ ಇಟ್ಟುಕೊಂಡರು. ಇಪ್ಪತ್ತರ ಹರೆಯದ ರಿಚರ್ಡ್‌ಸನ್ ಬೇಗ ಹೊಂದಿಕೊಂಡರು. ನಲವತ್ತು ದಾಟಿದ್ದ ಗುರುಗಳಿಗೆ ಕೊನೆಯವರೆಗೂ ಆಗಲಿಲ್ಲ. ಇಬ್ಬರಿಂದ ನಿಯಮ ಮಾಡಲಾಗದು, ನಿಜ. ಆದರೂ ಪಕ್ಕದ ಟೇಬಲ್‌ನವನು ನೈಟ್ ಮುಗಿಸಿ ಓಡಲು ಹೋಗುತ್ತಾನೆ, ನನ್ನ ಕೈಲಿ ಯಾಕಾಗಲ್ಲ ಅಂತ ಕೊರಗುವವರಿಗೆ ಈ ಕಥೆ ಹೇಳುತ್ತಿರುತ್ತೇನೆ.

‘ಹೇಗೂ ಮನೇಲೇ ಇರ್ತೀರಲ್ಲ’

ಶರೀರದ ಲೆಕ್ಕ ಇಷ್ಟೇ, ಮನೆಯ ಲೆಕ್ಕ ಇದಕ್ಕಿಂತ ತೊಡಕು. ನೈಟ್ ಶಿಫ್ಟ್‌ನವರ ನಿದ್ದೆಯನ್ನೂ ವ್ಯಾಯಾಮವನ್ನೂ ಒಟ್ಟಿಗೇ ತಿನ್ನುವ ಮಾತು ಮೇಲಿನದು. ಬ್ಯಾಂಕಿಗೆ ನೀವೇ ಹೋಗಿ, ನಲ್ಲಿ ರಿಪೇರಿಯವರು ಹನ್ನೊಂದಕ್ಕೆ ಬರ್ತಾರೆ, ಬಾಗಿಲು ತೆಗೆಯಿರಿ, ಹೇಗೂ ಮನೇಲೇ ಇರ್ತೀರಲ್ಲ. ಹೇಳುವವರಿಗೆ ಕೆಟ್ಟ ಉದ್ದೇಶ ಇಲ್ಲ. ಮಲಗಿರುವ ಮನುಷ್ಯ ಹಗಲು ಬೆಳಕಿನಲ್ಲಿ ಖಾಲಿ ಇರುವವನ ಹಾಗೆ ಕಾಣುತ್ತಾನೆ, ಅಷ್ಟೆ.

ನಮ್ಮ ಮನೆಯಲ್ಲಿ ವಾದ ಮಾಡಿ ಏನೂ ಆಗಲಿಲ್ಲ. ಆಮೇಲೆ ತಿಂಗಳ ಕ್ಯಾಲೆಂಡರ್‌ನಲ್ಲಿ ನನ್ನ ನಿದ್ದೆಯ ಗಂಟೆಗಳನ್ನು ಬಣ್ಣ ಹಚ್ಚಿ ಗುರುತು ಮಾಡಿದೆ. ಪಕ್ಕದಲ್ಲಿ, ನನಗೆ ಬೆಳಿಗ್ಗೆ ಹನ್ನೊಂದು ಅಂದರೆ ನಿಮಗೆ ರಾತ್ರಿ ಎರಡು ಅಂತ ಬರೆದೆ. ರಾತ್ರಿ ಎರಡಕ್ಕೆ ಯಾರೂ ನಲ್ಲಿ ರಿಪೇರಿಯವರನ್ನು ಕರೆಯುವುದಿಲ್ಲ ಅಲ್ವಾ? ಅದು ಕೆಲಸ ಮಾಡಿತು. ಮಗಳು ಎಲ್ಲರಿಗಿಂತ ಬೇಗ ಅರ್ಥ ಮಾಡಿಕೊಂಡಳು. ಬಣ್ಣ ಮುಗಿಯುವವರೆಗೆ ಬಾಗಿಲು ತೆಗೆಯಬಾರದು ಅಂತ ಅಜ್ಜಿಯನ್ನೇ ಗದರಿಸಿದ್ದಳು.

ವ್ಯಾಯಾಮದ ಹೊತ್ತನ್ನು ಆ ಕ್ಯಾಲೆಂಡರ್‌ಗೆ ಬರೆಯುವಾಗ ಹೆಂಡತಿ ನಿಂತು ನೋಡಿ ಒಂದೇ ಪ್ರಶ್ನೆ ಕೇಳಿದಳು: ‘ನನ್ನದು ಎಲ್ಲಿದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಡ್ಯೂಟಿಯಲ್ಲಿರುವ ರಾತ್ರಿ ಮಗುವಿಗೆ ಜ್ವರ ಬಂದರೆ ಏಳುವುದು ಅವಳೊಬ್ಬಳೇ. ನಾನು ಮಲಗಿರುವ ಹಗಲು ಸದ್ದಾಗದಂತೆ ಮನೆ ನಡೆಸುವುದೂ ಅವಳೇ. ಸಂಬಳವಿಲ್ಲದ ಶಿಫ್ಟ್ ಅದು. ಆಮೇಲೆ ಹೀಗೆ ಹಂಚಿಕೊಂಡೆವು: ಮೂರರಿಂದ ಮೂರೂವರೆ ನನ್ನದು. ಐದೂವರೆಯಿಂದ ಆರೂಕಾಲು ಅವಳದು. ಆಗ ಮಗು, ಅಡುಗೆಮನೆ, ಫೋನ್, ಬಾಗಿಲ ಬೆಲ್ ಎಲ್ಲ ನನ್ನ ಪಾಲು. ವಾರದಲ್ಲಿ ಎರಡು ದಿನ ಮಗಳೂ ನನ್ನ ಬಸ್ಕಿಗೆ ಸೇರುತ್ತಿದ್ದಳು. ಎಣಿಸುವ ಕೆಲಸ ಅವಳದು, ಎಂಟಾದ ಮೇಲೆ ಬೇಕೆಂದೇ ಮತ್ತೆ ಆರರಿಂದ ಶುರು ಮಾಡುತ್ತಿದ್ದಳು.

ಹೆಂಡತಿಯ ಮುಕ್ಕಾಲು ಗಂಟೆ ತಪ್ಪಿದ ವಾರಗಳಲ್ಲಿ ನನ್ನ ಅರ್ಧ ಗಂಟೆಯೂ ತಪ್ಪುತ್ತಿತ್ತು. ಬಹಳ ದಿನ ಅದನ್ನು ನಾನು ಕಾಕತಾಳೀಯ ಅಂದುಕೊಂಡಿದ್ದೆ.